ಕೇಳುವವನ ಧರ್ಮ

ರಾಜಧರ್ಮದ ಬಗ್ಗೆ ನಮ್ಮ ಪರಂಪರೆಯಲ್ಲಿ ಬರೆದದ್ದಕ್ಕೆ ಲೆಕ್ಕವಿಲ್ಲ. ಶಾಂತಿಪರ್ವದಲ್ಲಿ ಶರಶಯ್ಯೆಯ ಮೇಲಿನಿಂದ ಭೀಷ್ಮ ಧರ್ಮರಾಯನಿಗೆ ಹೇಳುವುದರಲ್ಲಿ ಬಹುಪಾಲು ದಂಡ ಹಿಡಿದವನು ನಡೆದುಕೊಳ್ಳಬೇಕಾದ ರೀತಿ. ಕೌಟಿಲ್ಯನ ಅರ್ಥಶಾಸ್ತ್ರವೂ ಅವನ ಕೈಪಿಡಿಯೇ. ದಂಡ ಹಿಡಿಯದವನಿಗೆ ಆ ಗ್ರಂಥಗಳಲ್ಲಿ ಸಿಗುವ ಪಾತ್ರಗಳು ಕಡಿಮೆ. ಅವನು ಪ್ರಜೆಯಾಗಿರಬಹುದು, ಶತ್ರುವಾಗಿರಬಹುದು, ಹೆಚ್ಚೆಂದರೆ ವಿದುರನಂತೆ ಅರಮನೆಯೊಳಗೇ ಇದ್ದು ಬುದ್ಧಿ ಹೇಳಿ, ಯಾರೂ ಕಿವಿಗೊಡದಿದ್ದಾಗ ಬಿಲ್ಲು ಮುರಿದಿಟ್ಟು ಹೊರನಡೆಯಬಹುದು. ಜನರೇ ಆರಿಸಿ, ಸಂಬಳ ಕೊಟ್ಟು, ಸಭೆಯಲ್ಲಿ ಕುರ್ಚಿ ಹಾಕಿ, ದಂಡ ನಿನಗಿಲ್ಲ, ದಂಡ ಹಿಡಿದವನನ್ನು ಪ್ರಶ್ನಿಸುವುದು ನಿನ್ನ ಕೆಲಸ ಎಂದು ಕೂರಿಸಿದ ಮನುಷ್ಯನೊಬ್ಬ ಆ ಗ್ರಂಥಕಾರರ ಕಲ್ಪನೆಗೆ ಬಂದಿರಲಿಲ್ಲ. ಹಾಗಾಗಿ ವಿರೋಧ ಪಕ್ಷದ ಶಾಸಕನ ಧರ್ಮ ಯಾವುದು ಎಂದರೆ ಹಳೆಯ ಪುಸ್ತಕ ತೆರೆದು ಬೆರಳಿಡಲು ಜಾಗವಿಲ್ಲ. ಪೊಲೀಸ್ ಠಾಣೆ, ನ್ಯಾಯಾಲಯ, ತಹಶೀಲ್ದಾರರ ಕಚೇರಿ, ಕಾಲುವೆಯ ಗೇಟು ಯಾವುದೂ ಅವನ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದಕ್ಕೆ ಅವನು ಹೊಣೆಗಾರನೇ? ಹೌದಾದರೆ ಆ ಹೊಣೆಯನ್ನು ತೀರಿಸುವುದು ಹೇಗೆ?

ಇದನ್ನು ಗಾಳಿಯಲ್ಲಿ ಚರ್ಚಿಸಬೇಕಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ, ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಅಕ್ಕಪಕ್ಕದ ಮೂರು ಕ್ಷೇತ್ರಗಳಿವೆ. 2021ರ ಮೇ 2ರಂದು ಮಸ್ಕಿ ಉಪಚುನಾವಣೆಯ ಫಲಿತಾಂಶ ಬಂತು. ಅಂದಿನಿಂದ 2023ರ ಮೇ ತನಕ ಮೂರೂ ಕ್ಷೇತ್ರಗಳ ಶಾಸಕರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು: ಸಿಂಧನೂರಿನಿಂದ ಜೆಡಿಎಸ್‌ನ ವೆಂಕಟರಾವ್ ನಾಡಗೌಡ, ಲಿಂಗಸುಗೂರಿನಿಂದ ಕಾಂಗ್ರೆಸ್ಸಿನ ಡಿ.ಎಸ್. ಹೂಲಗೇರಿ, ಮಸ್ಕಿಯಿಂದ ಕಾಂಗ್ರೆಸ್ಸಿನ ಬಸನಗೌಡ ತುರ್ವಿಹಾಳ. 2023ರ ಚುನಾವಣೆಯಲ್ಲಿ ಪಾತ್ರಗಳು ಬದಲಾದವು. ಸಿಂಧನೂರಿನ ಹಂಪನಗೌಡ ಬಾದರ್ಲಿ, ಮಸ್ಕಿಯ ತುರ್ವಿಹಾಳ ಆಡಳಿತ ಪಕ್ಷದವರಾದರು. ಲಿಂಗಸುಗೂರಿನಲ್ಲಿ ಗೆದ್ದ ಬಿಜೆಪಿಯ ಮಾನಪ್ಪ ವಜ್ಜಲ್ ಎದುರಿನ ಸಾಲಿಗೆ ಹೋದರು. ನಾಡಗೌಡರು 2018ರಲ್ಲಿ ಸಚಿವರಾಗಿದ್ದವರು, ಮರುವರ್ಷ ಸರ್ಕಾರ ಬಿದ್ದಾಗ ವಿರೋಧ ಪಕ್ಷಕ್ಕೆ ಬಂದವರು. ಮಸ್ಕಿಯಲ್ಲಂತೂ 2018ರಲ್ಲಿ ಪ್ರತಾಪಗೌಡ ಪಾಟೀಲರು ಕಾಂಗ್ರೆಸ್, ತುರ್ವಿಹಾಳರು ಬಿಜೆಪಿ. 2021ರಲ್ಲಿ ಅದೇ ಇಬ್ಬರು ಚಿಹ್ನೆ ಅದಲುಬದಲು ಮಾಡಿಕೊಂಡು ಎದುರಾದರು. ಇದನ್ನು ನೋಡಿ ನಗುವವರು ನಗಬಹುದು. ಆದರೆ ಇದರಿಂದ ಒಂದು ತಾತ್ತ್ವಿಕ ಅನುಕೂಲವಿದೆ. ಇಲ್ಲಿ ವಿರೋಧ ಪಕ್ಷ ಎನ್ನುವುದು ಒಬ್ಬನ ಸ್ವಭಾವವಾಗಲಿ ಸಿದ್ಧಾಂತವಾಗಲಿ ಅಲ್ಲ, ಒಂದು ಸ್ಥಾನ. ಯಾರೇ ಬಂದು ಕುಳಿತರೂ ಆ ಸ್ಥಾನಕ್ಕೊಂದು ಕರ್ತವ್ಯವಿದೆ. ಅದನ್ನು ಹುಡುಕುವಾಗ ವ್ಯಕ್ತಿಗಳ ಗುಣದೋಷ ಎಣಿಸುವ ಗೊಡವೆ ನಮಗೆ ಬೇಡ.

ಮಸ್ಕಿಯಿಂದಲೇ ಆರಂಭಿಸುವುದು ಸೂಕ್ತ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆಬರಹ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆ ಅಶೋಕನ ಹೆಸರನ್ನೂ ಇಟ್ಟುಕೊಂಡಿತ್ತು ಎಂಬುದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ಬರಹ ಏನು ಹೇಳುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಆ ಎತ್ತರಕ್ಕೆ ಏರಬಲ್ಲ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ಎಣಿಸಬಾರದು, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅದರ ತಿರುಳು. ಹೆಸರಿನ ಒಗಟು ಬಿಡಿಸಿದ ಸಂತೋಷದಲ್ಲಿ ನಾವು ಒಕ್ಕಣೆಯನ್ನು ಮರೆತಂತಿದೆ. ನ್ಯಾಯಾಡಳಿತದ ಬಗ್ಗೆ ಅಶೋಕ ಇನ್ನೂ ನೇರವಾಗಿ ಮಾತಾಡಿದ್ದು ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳಲ್ಲಿ. ನಗರದ ವ್ಯವಹಾರ ನೋಡುವ ಮಹಾಮಾತ್ರರಿಗೆ ಅವನು ಹೇಳುತ್ತಾನೆ: ಕಾರಣವಿಲ್ಲದೆ ಯಾರೂ ಸೆರೆಯಾಗಬಾರದು, ಹಿಂಸೆಗೆ ಒಳಗಾಗಬಾರದು, ಅಸೂಯೆ, ಕೋಪ, ಕ್ರೌರ್ಯ, ಅವಸರ, ಆಲಸ್ಯ, ದಣಿವು ನಿಮ್ಮ ತೀರ್ಪನ್ನು ಕೆಡಿಸುತ್ತವೆ. ಇಪ್ಪತ್ತೆರಡು ಶತಮಾನಗಳ ಹಿಂದಿನ ಆ ಪಟ್ಟಿಯನ್ನು ಇಂದಿನ ಯಾವುದೇ ಠಾಣೆಯ ಗೋಡೆಗೆ ಹಾಗೇ ಅಂಟಿಸಬಹುದು; ಅದರಲ್ಲೂ ಕೊನೆಯ ಎರಡು, ಆಲಸ್ಯ ಮತ್ತು ದಣಿವು, ನಮ್ಮ ಮಾನವ ಹಕ್ಕುಗಳ ಭಾಷಣಗಳಲ್ಲಿ ಬಾರದೇ ಹೋಗುವ ನಿಜವಾದ ಕಾರಣಗಳು. ಈ ಪ್ರತ್ಯೇಕ ಶಾಸನಗಳ ತುಣುಕುಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕವು. ಅವಿದ್ದ ಚಪ್ಪಡಿಯನ್ನು ಎಂದೋ ಒಂದು ಕಾಲದಲ್ಲಿ ಕಂಡಿ ಕೊರೆದು ಕಾಳಿಯ ಮೂರ್ತಿಗೆ ಪೀಠ ಮಾಡಿದ್ದರು. ಮೇಲೆ ಪೂಜೆ ನಡೆಯುತ್ತಿತ್ತು, ಕೆಳಗಿನ ಅಕ್ಷರ ಓದುವವರಿರಲಿಲ್ಲ.

ಅಶೋಕನ ಕೊರತೆಯೂ ಅದೇ ಶಾಸನದಲ್ಲಿದೆ. ಅಧಿಕಾರಿಗಳು ತಪ್ಪಿದರೆ ನೋಡುವವರು ಯಾರು? ಅವನೇ ಕಳಿಸುವ ಇನ್ನೊಬ್ಬ ಅಧಿಕಾರಿ, ಐದು ವರ್ಷಕ್ಕೊಮ್ಮೆ. ದಂಡವೂ ಅವನದೇ, ದಂಡದ ತಪಾಸಣೆಯೂ ಅವನದೇ. ಅರಸ ಒಳ್ಳೆಯವನಾಗಿರುವಷ್ಟು ಕಾಲ ಇದು ನಡೆಯುತ್ತದೆ. ಪ್ರಜಾಸತ್ತೆ ಮಾಡಿದ ಹೊಸ ಕೆಲಸವೆಂದರೆ ಅರಸನ ಅಂತಃಸಾಕ್ಷಿಯನ್ನು ಅವನ ಎದೆಯಿಂದ ತೆಗೆದು ಎದುರಿನ ಕುರ್ಚಿಯಲ್ಲಿ ಕೂರಿಸಿದ್ದು. ನಮ್ಮ ಕಾನೂನುಗಳು ಇದನ್ನು ಅರಿತೇ ರಚನೆಯಾಗಿವೆ. ಕರ್ನಾಟಕದ 1984ರ ಲೋಕಾಯುಕ್ತ ಕಾಯ್ದೆಯ ಪ್ರಕಾರ ನೇಮಕಕ್ಕೆ ಮುನ್ನ ಎರಡೂ ಸದನಗಳ ವಿರೋಧ ಪಕ್ಷದ ನಾಯಕರೊಂದಿಗೆ ಸಮಾಲೋಚಿಸಬೇಕು. ಮಾನವ ಹಕ್ಕುಗಳ ಆಯೋಗ, ಮಾಹಿತಿ ಆಯೋಗಗಳ ಆಯ್ಕೆ ಸಮಿತಿಗಳಲ್ಲಿ ವಿರೋಧ ಪಕ್ಷದ ನಾಯಕನಿಗೆ ಸ್ಥಾನವಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಭದ್ರತಾ ಆಯೋಗಕ್ಕೆ ಸೂಚಿಸಿದ ಮಾದರಿಗಳಲ್ಲೂ ಅವನಿದ್ದಾನೆ. ಇವೆಲ್ಲ ನಾಯಕರ ಮಟ್ಟದ ಮಾತು. ಸಾಮಾನ್ಯ ಶಾಸಕನಿಗೂ ಒಂದು ಕುರ್ಚಿ ಇದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಜಿಲ್ಲೆಯ ಶಾಸಕರೆಲ್ಲರೂ ಅದರ ಸದಸ್ಯರು. ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಎಷ್ಟು ಪ್ರಕರಣ ದಾಖಲಾದವು, ಎಷ್ಟಕ್ಕೆ ಆರೋಪಪಟ್ಟಿ ಸಲ್ಲಿಕೆಯಾಯಿತು, ಪರಿಹಾರ ಯಾರಿಗೆ ತಲುಪಿಲ್ಲ ಎಂದು ಎಸ್‌ಪಿಯ ಎದುರು ಕುಳಿತು ಕೇಳಲು ಅಲ್ಲಿ ಯಾವ ಪಕ್ಷವೆಂಬ ಅಡ್ಡಿಯಿಲ್ಲ.

ಆದರೆ ಜನ ಶಾಸಕನ ಮನೆಗೆ ಬರುವುದು ಇದಕ್ಕಲ್ಲ. ಬರುವವರ ಮಾತು ಒಂದೇ: 'ಸಾಹೇಬ್ರ, ಠಾಣೆಗೆ ಒಂದ್ ಫೋನ್ ಹೊಡೀರಿ.' ದೂರು ತೆಗೆದುಕೊಳ್ಳುತ್ತಿಲ್ಲ, ಫೋನ್ ಹೋದರೆ ತೆಗೆದುಕೊಳ್ಳುತ್ತಾರೆ. ಪಹಣಿ ತಿದ್ದುಪಡಿಯಾಗುತ್ತಿಲ್ಲ, ಪಿಂಚಣಿ ನಿಂತಿದೆ, ಫೋನ್ ಹೋದರೆ ಸರಿಹೋಗುತ್ತದೆ. ನನ್ನ ವಾದದ ಗಂಟು ಇಲ್ಲಿದೆ. ಕಾಗ್ನಿಜಬಲ್ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಯಾವ ಸೇವೆ ಎಷ್ಟು ದಿನದಲ್ಲಿ ಸಿಗಬೇಕೆಂದು 2011ರ ಸಕಾಲ ಕಾಯ್ದೆ ಗಡುವು ಹಾಕಿದೆ. ಅಂದರೆ ಫೋನು ಕೊಡಿಸುವುದು ದೂರುದಾರನದೇ ಆಗಿದ್ದ ವಸ್ತುವನ್ನು. ತನ್ನದೇ ವಸ್ತುವನ್ನು ಪಡೆದವನು ಶಾಸಕನಿಗೆ ಋಣಿಯಾಗಿ ಮನೆಗೆ ಹೋಗುತ್ತಾನೆ. ಪಿಎಸ್‌ಐ ಫೋನ್ ಬಂದವರ ದೂರಿಗೆ ಬೆಲೆ ಎಂಬ ಪಾಠ ಕಲಿಯುತ್ತಾನೆ. ಫೋನ್ ಮಾಡಿಸಲು ಯಾರೂ ಇಲ್ಲದ ಮೂರನೆಯವಳೊಬ್ಬಳು ಅದೇ ಠಾಣೆಯ ಕಟ್ಟೆಯ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಕಾಯುತ್ತಾಳೆ. ಒಬ್ಬನಿಗೆ ಆದ ಉಪಕಾರ ಕಾಣುತ್ತದೆ, ಇನ್ನೊಬ್ಬಳಿಗೆ ಆದ ಅನ್ಯಾಯ ಕಾಣುವುದಿಲ್ಲ. ಹಕ್ಕನ್ನು ಉಪಕಾರವಾಗಿ ಪರಿವರ್ತಿಸುವ ಈ ವ್ಯಾಪಾರದಲ್ಲಿ ಆಡಳಿತ ಪಕ್ಷದ ಶಾಸಕನಿಗೆ ಬಂಡವಾಳ ಹೆಚ್ಚು: ಠಾಣಾಧಿಕಾರಿಯ ವರ್ಗಾವಣೆಗೆ ಅವನ ಶಿಫಾರಸು ಪತ್ರ ನಡೆಯುತ್ತದೆ. ವಿರೋಧ ಪಕ್ಷದವನ ಪತ್ರ ನಡೆಯುವುದಿಲ್ಲ. ಅವನಿಗೆ ಇದು ಅವಮಾನವಾಗಿ ತೋರಬಹುದು. ನ್ಯಾಯದ ದೃಷ್ಟಿಯಿಂದ ನೋಡಿದರೆ ಅದೇ ಅವನ ಸ್ವಾತಂತ್ರ್ಯ. ಉಪಕಾರ ಮಾಡುವ ಶಕ್ತಿ ಇಲ್ಲದವನಿಗೆ ಹಕ್ಕಿನ ಭಾಷೆಯೊಂದೇ ಉಳಿದಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ದಯೆಯದು, ಅದು ಹಗುರವಾದದ್ದಲ್ಲ. ಮಗಳು ಕಾಣೆಯಾದ ತಾಯಿ ಬಾಗಿಲಲ್ಲಿ ನಿಂತಿರುವಾಗ ನಿಯಮದ ಪಾಠ ಹೇಳುವವನು ಮನುಷ್ಯನೇ? ಶರಣರಿಂದ ಹಿಡಿದು ಸೂಫಿಗಳ ತನಕ ಈ ನೆಲ ಕಲಿಸಿದ್ದು ಎದುರಿಗಿರುವ ಜೀವಕ್ಕೆ ಮೊದಲು ಮರುಗು ಎಂದಲ್ಲವೇ? ಹೌದು, ಫೋನ್ ಮಾಡಬೇಕು. ಫೋನಿನಲ್ಲಿ ಏನು ಹೇಳುತ್ತಾನೆ ಎಂಬುದರಲ್ಲಿ ವ್ಯತ್ಯಾಸವಿದೆ. 'ಇವರು ನಮ್ಮವರು, ನೋಡಿಕೊಳ್ಳಿ' ಎನ್ನುವುದು ಒಂದು. 'ಬೆಳಿಗ್ಗೆ ಬಂದ ದೂರನ್ನು ಸಂಜೆಯಾದರೂ ಏಕೆ ದಾಖಲಿಸಿಲ್ಲ' ಎನ್ನುವುದು ಇನ್ನೊಂದು. ಎರಡನೆಯ ಮಾತನ್ನು ಕಾಗದದಲ್ಲಿ ಬರೆದು ಎಸ್‌ಪಿಗೆ ಕಳಿಸಬಹುದು, ಪ್ರಶ್ನೆಯಾಗಿಸಿ ಸದನದಲ್ಲಿ ಮಂಡಿಸಬಹುದು, ಪತ್ರಿಕೆಗೆ ಕೊಡಬಹುದು. ಮೊದಲನೆಯದನ್ನು ಯಾವ ಶಾಸಕನೂ ಬರವಣಿಗೆಯಲ್ಲಿ ಕೊಡಲಾರ. ದಯೆಗೂ ನ್ಯಾಯಕ್ಕೂ ಜಗಳವಿದೆ ಎಂದು ನನಗೆ ಅನ್ನಿಸುವುದಿಲ್ಲ. ಬಹಿರಂಗವಾಗಿ ಆಡಲಾಗದ ದಯೆಯ ಬಗ್ಗೆ ಮಾತ್ರ ನನ್ನ ಅನುಮಾನ.

ಎರಡನೆಯ ಆಕ್ಷೇಪ ವಕೀಲರದು: ತಪ್ಪಾದರೆ ನ್ಯಾಯಾಲಯವಿದೆ, ಶಾಸಕ ಏಕೆ? 2020ರ ಜುಲೈನಲ್ಲಿ ಸಿಂಧನೂರಿನ ಸುಕಾಲಪೇಟೆಯಲ್ಲಿ ಪ್ರೇಮವಿವಾಹದ ದ್ವೇಷಕ್ಕೆ ಒಂದೇ ಮನೆಯ ಐವರ ಕೊಲೆಯಾಯಿತು. 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರಣದಂಡನೆ ಹೈಕೋರ್ಟಿನ ದೃಢೀಕರಣವಿಲ್ಲದೆ ಜಾರಿಯಾಗದು. ಅಶೋಕ ವಧೆಗೆ ಗುರಿಯಾದವರಿಗೆ ಮೂರು ದಿನದ ಬಿಡುವು ಕೊಟ್ಟ ಸ್ತಂಭಶಾಸನದ ಮುಂದೆ ಇದು ದೂರ ನಡೆದು ಬಂದ ದಾರಿ. ಆದರೂ ನ್ಯಾಯಾಲಯ ತಲುಪುವುದು ಸಾವಿನ ನಂತರವೇ. ಹೀಗೆ ಮದುವೆಯಾದವರಿಗೆ ಬೆದರಿಕೆ ಬಂದಾಗ ಜಿಲ್ಲೆಗೊಂದು ವಿಶೇಷ ಘಟಕ, ಸಹಾಯವಾಣಿ, ಸುರಕ್ಷಿತ ವಸತಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲೇ ಶಕ್ತಿವಾಹಿನಿ ಪ್ರಕರಣದಲ್ಲಿ ನಿರ್ದೇಶಿಸಿತ್ತು. ಆ ಘಟಕ ಕಡತದಲ್ಲಿದೆಯೋ ಕಟ್ಟಡದಲ್ಲಿದೆಯೋ, ಅದರ ಫೋನ್ ರಾತ್ರಿ ಹತ್ತಕ್ಕೆ ಯಾರು ಎತ್ತುತ್ತಾರೆ, ಸುರಕ್ಷಿತ ವಸತಿಗೆ ಹಣ ಬಿಡುಗಡೆಯಾಗಿದೆಯೇ? ಯಾರೂ ಸಾಯದಿರುವಾಗ, ಯಾವ ಮೊಕದ್ದಮೆಯೂ ಇಲ್ಲದಿರುವಾಗ ಇದನ್ನು ಕೇಳಲು ಒಬ್ಬ ಬೇಕು. ದಂಡದ ಕೆಲಸ ಕೃತ್ಯ ನಡೆದ ಮೇಲೆ ಶುರುವಾಗುತ್ತದೆ, ಪ್ರಶ್ನೆಯ ಕೆಲಸ ಅದಕ್ಕೂ ಮೊದಲು.

ಇನ್ನು ಉದ್ದೇಶದ ಆಕ್ಷೇಪ: ವಿರೋಧ ಪಕ್ಷದವನು ಕೇಳುವುದು ಸರ್ಕಾರದ ಮಾನ ಕಳೆಯಲು, ನ್ಯಾಯಕ್ಕಲ್ಲ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಹಗರಣ ನೆನಪಿಸಿಕೊಳ್ಳಿ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ನಡೆದಿಲ್ಲವೆಂದು ಸದನದಲ್ಲಿ ಗೃಹ ಸಚಿವರ ಉತ್ತರವಿತ್ತು. ಸನ್ನತಿಯ ಸೀಮೆಯೇ ಆದ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಆಗ ವಿರೋಧ ಪಕ್ಷದಲ್ಲಿದ್ದರು. ಅವರು ಧ್ವನಿಮುದ್ರಿಕೆಯೊಂದನ್ನು ಬಹಿರಂಗಪಡಿಸಿದಾಗ ಸಿಐಡಿ ಅವರಿಗೇ ನೋಟಿಸ್ ಕೊಟ್ಟಿತು. 2022ರ ಏಪ್ರಿಲ್ ಕೊನೆಗೆ ಪರೀಕ್ಷೆ ರದ್ದಾಯಿತು, ಜುಲೈನಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯ ಬಂಧನವಾಯಿತು, 2024ರ ಜನವರಿಯಲ್ಲಿ ಮರುಪರೀಕ್ಷೆ ನಡೆಯಿತು. ಠಾಣೆಯ ಕುರ್ಚಿಯೇ ಮಾರಾಟವಾಗಿದ್ದರೆ ಆ ಕುರ್ಚಿಯಲ್ಲಿ ಕುಳಿತವನಿಂದ ಸಿಂಧನೂರಿನ ದೂರುದಾರ ಏನನ್ನು ನಿರೀಕ್ಷಿಸಬೇಕಿತ್ತು? ಖರ್ಗೆಯವರಿಗೆ ರಾಜಕೀಯ ಲಾಭದ ಆಸೆ ಇದ್ದಿರಲೂಬಹುದು. ಅವರ ಎದೆಯೊಳಗೆ ಏನಿತ್ತೆಂಬುದು ಅವರ ಆತ್ಮಕ್ಕೆ ಸಂಬಂಧಿಸಿದ್ದು, ಪ್ರಶ್ನೆ ಸರಿಯೇ ಎಂಬುದು ನಮಗೆ ಸಂಬಂಧಿಸಿದ್ದು. ನಿಷ್ಕಾಮಕರ್ಮ ಕರ್ಮ ಮಾಡುವವನ ಬಿಡುಗಡೆಗೆ ಬೇಕಾದೀತು; ಸತ್ಯ ಹೊರಬರಲು ಅದು ಬೇಕೇಬೇಕೆಂದು ಹಠ ಹಿಡಿದರೆ ಯಾವ ಪ್ರಶ್ನೆಯೂ ಎಂದೂ ಏಳುವುದಿಲ್ಲ. ಒಬ್ಬರ ಸ್ವಾರ್ಥ ಇನ್ನೊಬ್ಬರ ಸ್ವಾರ್ಥವನ್ನು ಕಾಯುವಂತೆ ಸದನವನ್ನು ಕಟ್ಟಿದವರು ಮನುಷ್ಯನನ್ನು ಅರಿತವರೇ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ಬೇರೆಯೇ ವಾದ. ಹಿಂದುಳಿದ ನಾಡಿಗೆ ಪ್ರಶ್ನೆ ಯಾಕೆ, ಅನುದಾನ ಬೇಕು; ಆಡಳಿತ ಪಕ್ಷದಲ್ಲಿದ್ದರೆ ಕೆಲಸವಾಗುತ್ತದೆ. ಈ ವಾದವನ್ನು ಮಸ್ಕಿ ಒಮ್ಮೆ ಪರೀಕ್ಷೆಗೆ ಒಡ್ಡಿತು. 2018ರಲ್ಲಿ ಅಲ್ಲಿ ಗೆಲುವಿನ ಅಂತರ 213 ಮತ. ಗೆದ್ದವರು ಮರುವರ್ಷ ಪಕ್ಷ ಬಿಟ್ಟು ಅನರ್ಹರಾದರು. ಫಲಿತಾಂಶದ ತಕರಾರು ಹೈಕೋರ್ಟಿನಲ್ಲಿದ್ದುದರಿಂದ ಉಳಿದ ಕ್ಷೇತ್ರಗಳ ಜೊತೆ ಚುನಾವಣೆಯೂ ನಡೆಯಲಿಲ್ಲ. 2019ರ ಜುಲೈನಿಂದ 2021ರ ಮೇ ತನಕ, ಕೊರೊನಾ ಬಂದ ವರ್ಷವೂ ಸೇರಿ, ಮಸ್ಕಿಗೆ ಶಾಸಕನೇ ಇರಲಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತದ್ದು ಆ ಅವಧಿಯಲ್ಲೇ; ಅವರ ಪರವಾಗಿ ವಿಧಾನಸಭೆಯಲ್ಲಿ ಎದ್ದು ನಿಲ್ಲಲು ಸ್ವಂತ ಪ್ರತಿನಿಧಿ ಇರಲಿಲ್ಲ. ಉಪಚುನಾವಣೆ ಬಂದಾಗ ಆಡಳಿತ ಪಕ್ಷದ ನಾಯಕರು ಬೀಡುಬಿಟ್ಟರು. ಜನ ವಿರೋಧ ಪಕ್ಷದ ಅಭ್ಯರ್ಥಿಯನ್ನು 30,606 ಮತಗಳ ಅಂತರದಿಂದ ಆರಿಸಿದರು. ಇದನ್ನು ತತ್ತ್ವದ ಗೆಲುವೆಂದು ಕರೆದರೆ ಅತಿಯಾದೀತು; ಅನುಕಂಪ, ಜಾತಿಯ ಲೆಕ್ಕ, ಸಿಟ್ಟು ಎಲ್ಲವೂ ಅದರಲ್ಲಿದ್ದವು. ಆದರೂ ಅಧಿಕಾರದ ಪಕ್ಕ ನಿಂತವನೇ ಪ್ರತಿನಿಧಿ ಎಂಬ ಮಾತನ್ನು ಬಡ ಮತದಾರರು ಪ್ರಶ್ನಿಸದೆ ಒಪ್ಪುತ್ತಾರೆ ಎಂಬ ನಂಬಿಕೆಯನ್ನಾದರೂ ಅದು ಅಲುಗಾಡಿಸಿತು.

ಇಷ್ಟು ಹೇಳಿದ ಮೇಲೆ ವಿರೋಧ ಪಕ್ಷದವನಿಗೇ ಕಷ್ಟವಾಗುವ ಮಾತಿಗೆ ಬರಬೇಕು. ಕೇಳುವುದು ಸುಲಭ, ಎದುರಿನವರನ್ನು ಕೇಳುವಾಗ. ತನ್ನವರನ್ನೇ ಕೇಳುವುದು ಹೇಗೆ ಎಂಬುದಕ್ಕೆ ಈ ನೆಲದಲ್ಲೇ ಒಂದು ಕಥೆಯಿದೆ. ಲಿಂಗಸುಗೂರು ತಾಲೂಕಿನ ಗುರುಗುಂಟಾ ಅಮರೇಶ್ವರದ ಸೀಮೆಯವರು ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅಡಿಗೆಗೆ ಇಡಲಿಲ್ಲ. ನಮಗೆ ಸಲ್ಲುವುದಕ್ಕಿಂತ ಹೆಚ್ಚಿನದು ಏಕೆ ಬಂತು ಎಂದು ಕೇಳಿ, ಮಿಗಿಲಾದದ್ದನ್ನು ಹಿಂದಿರುಗಿಸಿ ಬರಲು ಕಳಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಅಪರಿಗ್ರಹದ ಪಾಠವಾಗಿ ಓದುತ್ತೇವೆ. ನನಗೆ ಅದರಲ್ಲಿ ಕಾಣುವುದು ವಿರೋಧದ ಅತ್ಯಂತ ಶುದ್ಧ ರೂಪ. ಅವಳ ಕೈಯಲ್ಲಿ ದಂಡವಿಲ್ಲ. ಅವಳು ಕೇಳಿದ್ದು ಶತ್ರುವನ್ನಲ್ಲ, ತನ್ನ ಗಂಡನನ್ನು. ಬಿಡಿಸಿದ್ದು ತನ್ನ ಒಲೆಯ ಮೇಲೆ ಬೇಯಬೇಕಿದ್ದ ಅಕ್ಕಿಯನ್ನು.

ಅಕ್ಕಿಯ ಮಾತು ಸಿಂಧನೂರಿನಲ್ಲಿ ಬರಿಯ ರೂಪಕವಾಗಿ ಉಳಿಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು, ಅದಕ್ಕೆ ತಕ್ಕ ಹಗುರ ನೀರಾವರಿ ಬೆಳೆಗಳು ಎಂಬ ಲೆಕ್ಕವಿತ್ತು. ಭತ್ತ ಬಂತು, ಗಂಗಾವತಿ, ಸಿಂಧನೂರುಗಳು ಅಕ್ಕಿಯ ಪೇಟೆಗಳಾದವು. ಮಂಜೂರಾತಿ ಇಲ್ಲದ ಜಮೀನಿಗೂ ಪೈಪು, ಪಂಪುಸೆಟ್ಟು ಹಾಕಿ ನೀರೆಳೆಯುವುದು ನಡೆಯಿತು. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರು ಪ್ರತಿ ಹಂಗಾಮಿನಲ್ಲೂ ನೀರಿಗಾಗಿ ರಸ್ತೆಗೆ ಬರುತ್ತಾರೆ. ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹೊರಡುತ್ತದೆ, ಗೇಟಿಗೆ ಪೊಲೀಸ್ ಕಾವಲು ಬೀಳುತ್ತದೆ. ಪೊಲೀಸು, ನ್ಯಾಯ, ಸಾರ್ವಜನಿಕ ಸೇವೆ ಮೂರೂ ಒಂದೇ ಕಾಲುವೆಯ ದಡದಲ್ಲಿ ಸೇರುವುದು ಇಲ್ಲಿ. ಸಿಂಧನೂರಿನ ಸ್ಥಿತಿ ವಿಚಿತ್ರ: ಮೇಲಿನ ಗಂಗಾವತಿ, ಕಾರಟಗಿಗಳ ಮುಂದೆ ಅದು ನೀರು ಕಳೆದುಕೊಂಡದ್ದು, ಕೆಳಗಿನ ಮಾನ್ವಿಯ ಮುಂದೆ ನೀರು ತೆಗೆದುಕೊಂಡದ್ದು. ಅಲ್ಲಿನ ಶಾಸಕ ವಿರೋಧ ಪಕ್ಷದಲ್ಲಿರುವಾಗ ನೀರಾವರಿ ಸಚಿವರನ್ನು ಏನು ಕೇಳಬೇಕು? ಮೇಲಿನವರು ಹೆಚ್ಚು ಎಳೆಯುತ್ತಿದ್ದಾರೆ ಎಂದು ಮಾತ್ರ ಕೇಳಿದರೆ ಅದು ವಕಾಲತ್ತು. ಅಕ್ರಮ ಪೈಪುಗಳ ಪಟ್ಟಿಯನ್ನು ಮೈಲಿವಾರು ಕೊಡಿ ಎಂದು ಕೇಳಿದರೆ, ಆ ಪಟ್ಟಿಯಲ್ಲಿ ತನ್ನ ಮತದಾರರ ಹೆಸರುಗಳೂ ಬರುತ್ತವೆ ಎಂದು ಗೊತ್ತಿದ್ದೂ ಕೇಳಿದರೆ, ಅದು ಲಕ್ಕಮ್ಮನ ಪ್ರಶ್ನೆ. ಪ್ರತಿನಿಧಿಯ ಧರ್ಮ ತನ್ನ ಜನರ ಹಿತವಲ್ಲವೇ ಎಂದು ಆಕ್ಷೇಪಿಸುವವರಿಗೆ ನನ್ನ ಉತ್ತರ ಇಷ್ಟೇ: ಕೆಳಗಿನವನಿಗೆ ಅನ್ವಯವಾಗದ ನಿಯಮವನ್ನು ಮೇಲಿನವನ ಮೇಲೆ ಹೇರಲು ಸಾಧ್ಯವಿಲ್ಲ. ತನ್ನವರನ್ನು ಬಿಟ್ಟು ಕೇಳಿದ ಪ್ರಶ್ನೆಯನ್ನು ಸಚಿವ ಒಂದೇ ನಿಮಿಷದಲ್ಲಿ ತಿರುಗಿಸಿ ಹೊಡೆಯುತ್ತಾನೆ. ಚುನಾವಣೆಯಲ್ಲಿ ಇದಕ್ಕೆ ಬೆಲೆ ತೆರಬೇಕಾದೀತು, ಸುಳ್ಳು ಸಮಾಧಾನ ಬೇಡ.

ಸದನದ ಗದ್ದಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2025ರ ಮಾರ್ಚ್ 21ರಂದು ಬಿಜೆಪಿಯ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಲಾಯಿತು, ಮೇ ತಿಂಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಸಭಾಧ್ಯಕ್ಷರ ಪೀಠದ ಮುಂದೆ ಕಾಗದ ಹರಿದೆಸೆಯುವವನು ತನ್ನ ಪ್ರಶ್ನೆಯನ್ನೂ ಜೊತೆಗೆ ಹರಿಯುತ್ತಾನೆ. ಕೇಳುವವರನ್ನು ಆರು ತಿಂಗಳು ಹೊರಗಿಡುವ ಸದನ ತನ್ನ ಉತ್ತರದ ಹೊಣೆಯಿಂದಲೇ ಬಿಡುವು ಪಡೆಯುತ್ತದೆ. ಎರಡೂ ಕಡೆ ನಷ್ಟವಾಗುವುದು ನೀರಸ ಕೆಲಸಕ್ಕೆ: ಚುಕ್ಕೆ ಗುರುತಿನ ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಉತ್ತರ ತಪ್ಪಿದ್ದರೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳುವುದು. ಮಸ್ಕಿ ತಾಲೂಕನ್ನೇ ನೋಡಿ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ಬಿಡಿಸಿ ಅದನ್ನು ರಚಿಸಿದ್ದು. ಯಾವ ಇಲಾಖೆ ಪೂರ್ಣವಾಗಿ ಬಂದಿದೆ, ಯಾವುದಕ್ಕೆ ಜನ ಇನ್ನೂ ಹಳೆಯ ತಾಲೂಕಿಗೆ ಬಸ್ ಹತ್ತಬೇಕು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ ಎಂಬ ಪ್ರಶ್ನೆಗೆ ಘೋಷಣೆ ಕೂಗುವ ಗುಣವಿಲ್ಲ, ಟಿವಿಯೂ ಅದನ್ನು ತೋರಿಸದು. 2023ರ ನಂತರ ಆ ಪ್ರಶ್ನೆಯನ್ನು ಎದುರು ಸಾಲಿನಿಂದ ಕೇಳುವ ಅವಕಾಶ ಈ ಮೂರರಲ್ಲಿ ಲಿಂಗಸುಗೂರಿನ ಸದಸ್ಯರೊಬ್ಬರಿಗೇ ಉಳಿಯಿತು. ಮಸ್ಕಿ ಅವರ ಕ್ಷೇತ್ರವಲ್ಲ. ಆದರೆ ಮಸ್ಕಿಗೆ ಸೇರಿದ ಹಳ್ಳಿಗಳಲ್ಲಿ ಹಲವು ಒಂದು ಕಾಲಕ್ಕೆ ಲಿಂಗಸುಗೂರಿನವೇ, ಮತ್ತು ವಿಧಾನಸಭೆಯ ಸದಸ್ಯನಿಗೆ ರಾಜ್ಯದ ಯಾವ ಠಾಣೆ, ಯಾವ ಕಚೇರಿಯ ಬಗ್ಗೆಯೂ ಕೇಳಲು ತಡೆಯಿಲ್ಲ. ಮೇಲೆ ಹೇಳಿದ ಜಿಲ್ಲಾ ಜಾಗೃತಿ ಸಮಿತಿಯಲ್ಲಿ, ಜಿಲ್ಲಾಧಿಕಾರಿಯ ಎಡಬಲದಲ್ಲಿ, ಸಿಂಧನೂರು ಮಸ್ಕಿಗಳ ಆಡಳಿತ ಪಕ್ಷದ ಶಾಸಕರೂ ಅವರ ಜೊತೆ ಕೂರಬೇಕು. ಅವರಲ್ಲಿ ಒಬ್ಬರು ಎರಡು ವರ್ಷ ಎದುರು ಸಾಲಿನಲ್ಲಿ ಕುಳಿತು ಬಂದವರು.